ಖಂಡನೆ ಕೇಳದ ಸಭೆ

ಕಡೂರು
ವಿಭವ ಸಂವತ್ಸರ, ಮಾರ್ಗಶಿರ ಬಹುಳ

ಚಿರಂಜೀವಿ ಅಂಜಿನಮ್ಮನಿಗೆ, ಕಡೂರಿನಿಂದ ಶಾಮಣ್ಣ ಮೇಷ್ಟ್ರು ತಲೆ ತಗ್ಗಿಸಿಕೊಂಡು ಬರೆಯುವ ಕಾಗದ.

ಮೊನ್ನೆ ಯಗಟಿಯಲ್ಲಿ ನಿಮ್ಮ ಮನೆಯ ಜಗಲಿಯ ಮೇಲೆ ಕೂತು, ಮಜ್ಜಿಗೆ ಕುಡಿದು, ಬಂದ ದಾರಿಯಲ್ಲೇ ಹಿಂದಿರುಗಿದವನು ನಾನು. ನೀನು ಒಳಗೆ ರಾಗಿ ಬೀಸುತ್ತಿದ್ದೆ. ನನ್ನ ದನಿ ಕೇಳಿದೊಡನೆ ಬೀಸುವ ಕಲ್ಲು ನಿಂತಿತು. ಆಮೇಲೆ ಮತ್ತೆ ತಿರುಗತೊಡಗಿತು, ಮೊದಲಿಗಿಂತ ಜೋರಾಗಿ. ಅಬ್ಬಾ! ವರ್ಷಗಟ್ಟಲೆ ಕಂಪನಿ ನಾಟಕಗಳಲ್ಲಿ ಗರ್ಜಿಸಿದವನು ನಾನು. ಜನರ ಸಿಳ್ಳೆ ಕೇಳಿದ್ದೇನೆ, ಕೊಳೆತ ಬದನೆಕಾಯಿಯ ಏಟು ತಿಂದಿದ್ದೇನೆ. ಆದರೆ ಒಂದು ಬೀಸುವ ಕಲ್ಲು ನನ್ನನ್ನು ಹಾಗೆ ಬೈದದ್ದು ಅದೇ ಮೊದಲು. ನೀನು ಹೊರಗೆ ಬರಲಿಲ್ಲ. ಬರಬೇಕಾಗಿಯೂ ಇರಲಿಲ್ಲ. ಎದುರಿಗೆ ನಿಂತು ಹೇಳಲಾರದ್ದನ್ನು ಬರೆದಾದರೂ ಹೇಳೋಣವೆಂದು ಕೂತಿದ್ದೇನೆ.

ನಾನು ಎಂಥವನೆಂಬುದನ್ನು ತರಗತಿಯಲ್ಲಿ ನೀನು ಅರ್ಧ ಮಾತ್ರ ಕಂಡಿದ್ದೀಯೆ. ಉಳಿದರ್ಧ ಕೇಳು. ನಮ್ಮಮ್ಮ ಜಾನಕಮ್ಮ ನಾಟಕ ಕಂಪನಿಯ ಅಡುಗೆಯವಳು. ಬೇರೆ ಮಕ್ಕಳಿಗೆ ತೊಟ್ಟಿಲಾದರೆ ನನಗೆ ಕಿರೀಟಗಳ ಪೆಟ್ಟಿಗೆ. ಹಾರ್ಮೋನಿಯಂ ನುಡಿಸುವವನು ಶ್ರುತಿ ಹಿಡಿದರೆ ನನಗೆ ನಿದ್ದೆ, ನಿಲ್ಲಿಸಿದರೆ ಅಳು. ಮೀಸೆ ಮೂಡುವವರೆಗೆ ರಾಜಕುಮಾರ, ವನದೇವತೆ, ಚಾಮರ ಬೀಸುವ ಸಖಿ ಎಲ್ಲವೂ ಆದೆ. ಗಂಟಲು ಒಡೆದು ನಗಾರಿಯಾದ ಮೇಲೆ ನನಗೆ ಸಿಕ್ಕಿದ್ದು ಖಳನ ಪಾತ್ರಗಳು: ದುಷ್ಟ ಮಂತ್ರಿ, ಮೋಸದ ಸೇನಾಪತಿ, ಮಗುವನ್ನು ಕದಿಯುವ ರಾಕ್ಷಸ. ನಮ್ಮ ಕಂಪನಿಯ ಯಜಮಾನರು ಬಣ್ಣ ಬಳಿಯುವ ಮುಂಚೆ ನನ್ನ ಕಿವಿ ಹಿಡಿದು ಹೇಳುತ್ತಿದ್ದರು: "ಲೇ ಶಾಮ, ಜನ ನಿನ್ನ ಶಪಿಸ್ಬೇಕು ಕಣೋ! ನಾಳೆ ಬೀದೀಲಿ ಹೆಂಗಸ್ರು ನಿನ್ನ ಕಂಡ್ರೆ ಮಣ್ಣು ತೂರ್ಬೇಕು. ಇಲ್ದಿದ್ರೆ ಇವತ್ತು ನಿನ್ನ ಅನ್ನಕ್ಕೆ ತುಪ್ಪ ಇಲ್ಲ."

ಕಂಪನಿಯಲ್ಲಿ ಇನ್ನೊಂದು ಕಟ್ಟಳೆ ಇತ್ತು. ಯಾರಾದರೂ ಜ್ವರ ಬಂದು ಮಲಗಿದರೆ, ಕೈಗೆ ಸಿಕ್ಕವನು ಆ ಪಾತ್ರ ಕಟ್ಟಲೇಬೇಕು. "ನನಗೆ ಈ ಪಾತ್ರ ಇಷ್ಟವಿಲ್ಲ" ಎನ್ನುವ ಮಾತೇ ಇಲ್ಲ. ಕಟ್ಟಿದ ಮೇಲೆ ಅರೆಮನಸ್ಸಿನಿಂದ ಆಡುವಂತೆಯೂ ಇಲ್ಲ. ಪಾತ್ರಕ್ಕೆ ದ್ರೋಹ ಮಾಡಿದರೆ ಅನ್ನಕ್ಕೆ ದ್ರೋಹ ಮಾಡಿದ ಹಾಗೆ! ಈ ಕಟ್ಟಳೆ ನನ್ನ ಮೂಳೆಗೆ ಹತ್ತಿತ್ತು. ಕಂಪನಿ ತರೀಕೆರೆಯಲ್ಲಿ ಮುರಿದುಬಿದ್ದು, ನಾನು ಪರೀಕ್ಷೆಗೆ ಕಟ್ಟಿ, ಮೇಷ್ಟ್ರಾಗಿ ಕಡೂರಿಗೆ ಬಂದು, ಪೇಟ ಸುತ್ತಿ, ಕೋಟಿನ ಗುಂಡಿ ಹಾಕಿಕೊಂಡ ಮೇಲೂ ಹತ್ತಿಕೊಂಡೇ ಇತ್ತು. ಇದನ್ನು ನೆಪವೆಂದು ತಿಳಿಯಬೇಡ. ನಿನ್ನ ಮೇಲೆ ಬಿದ್ದ ಪೆಟ್ಟು ಎಲ್ಲಿಂದ ಹೊರಟಿತೆಂದು ನಿನಗೆ ಗೊತ್ತಿರಲಿ ಎಂದಷ್ಟೇ ಹೇಳಿದೆ.

ಊರ ಹಿರಿಯರು ಸಮಿತಿ ಮಾಡಿಕೊಂಡು ಛತ್ರದ ಮಹಡಿಯಲ್ಲಿ ನಡೆಸುವ ನಮ್ಮ ಹೈಸ್ಕೂಲಿಗೆ ನಿಮ್ಮಪ್ಪ ಕರಿಸಿದ್ದಪ್ಪನವರು ನಿನ್ನನ್ನು ಕರೆತಂದ ದಿನ ನೆನಪಿದೆ. ಗಾಡಿ ತುಂಬ ತೆಂಗಿನಕಾಯಿ, ಕಾಯಿಗಳ ಮೇಲೆ ನೀನು. "ನಮ್ಮೂರ ಸ್ಕೂಲ್ನಾಗಿರೋದ್ನೆಲ್ಲ ಓದಿ ಮುಗ್ಸವ್ಳೆ ಮೇಷ್ಟ್ರೇ. ಇನ್ನೂ ಬೇಕಂತಾಳೆ. ನಾನೇನು ಓದ್ದೋನಲ್ಲ. ನಮ್ಮಕ್ಕ ಪಾಪಮ್ಮನ ಮನೆ ಇಲ್ಲೇ ಕೋಟೆ ತಾವ ಐತೆ, ಅಲ್ಲಿರ್ತಾಳೆ. ನಿಮ್ಮ ಮಾತು ಕೇಳ್ದೆ, ಮನಸ್ಗೆ ಧೈರ್ಯ ಬಂತು, ಬಿಟ್ಟೋಗ್ತೀನಿ" ಎಂದರು. ಒಂದು ತರಗತಿ ತುಂಬ ಹುಡುಗರು, ಅವರ ನಡುವೆ ನೀನೊಬ್ಬಳೇ ಹುಡುಗಿ. ಮೊದಲ ವಾರ ಹುಡುಗರು ನಿನ್ನ ಬೆಂಚಿಗೆ "ಕುರಿದೊಡ್ಡಿ" ಎಂದು ಹೆಸರಿಟ್ಟರು. ನೀನು ತಿರುಗಿ, "ಹೌದು ಕಣ್ರೋ, ಇಲ್ಲಿ ಕೂತ್ಕಂಡು ಎಣಿಸ್ತಾ ಇವ್ನಿ, ಇನ್ನೂ ಎಲ್ಲಾ ಒಳಿಕ್ಕೆ ಬಂದಿಲ್ಲ" ಎಂದೆ. ಅವತ್ತಿನಿಂದ ಯಾರೂ ಬಾಯಿ ತೆಗೆಯಲಿಲ್ಲ.

ವಾದ ಮಾಡುವ ವಿದ್ಯೆಯನ್ನು ನಾನು ಹಲಗೆಯ ಮೇಲೆ ಬರೆದ ದಿನ ನೀನು ಪೆನ್ಸಿಲು ಕಚ್ಚಿಕೊಂಡು ಕೂತಿದ್ದೆ. ಪ್ರತಿಜ್ಞೆ, ಹೇತು, ದೃಷ್ಟಾಂತ, ಪೂರ್ವಪಕ್ಷ, ಖಂಡನೆ, ಕೊನೆಗೆ ತೀರ್ಮಾನವಾಗಿ ನಿಗಮನ. ಹುಡುಗರು ಆಕಳಿಸಿದರು. ನೀನು ಒಂದೊಂದನ್ನೂ ನಿಮ್ಮೂರಿಗೆ ಹೊಡೆದುಕೊಂಡು ಹೋದೆ! ಪ್ರತಿಜ್ಞೆ ಎಂದರೆ ನಾನು ಇದನ್ನು ಸಾಧಿಸುತ್ತೇನೆ ಎಂದು ಮೊದಲೇ ಹೇಳುವ ಮಾತು. "ಮಂದೆ ಎಲ್ಲಿಗೆ ಹೋಗ್ಬೇಕು ಅಂತ ಮೊದ್ಲೇ ಹೇಳೋದು" ಎಂದೆ ನೀನು. ಹೇತು ಎಂದರೆ ಕಾರಣ. "ಅಲ್ಲೇ ಯಾಕೆ ಹೋಗ್ಬೇಕು ಅನ್ನೋದು." ದೃಷ್ಟಾಂತ ಎಂದರೆ ಕಣ್ಣಾರೆ ಕಂಡ ಸಾಕ್ಷಿ. "ಹೋದ ಸಲ ಅಲ್ಲಿ ಹುಲ್ಲಿತ್ತು ಅನ್ನೋದು." ಪೂರ್ವಪಕ್ಷಕ್ಕೆ ಬಂದಾಗ ಮಾತ್ರ ನೀನು ತಡೆದೆ. ಎದುರಾಳಿ ಏನು ಹೇಳುತ್ತಾನೋ ಅದನ್ನು ಅವನಿಗಿಂತ ಚೆನ್ನಾಗಿ, ಒಂದು ಗುಲಗಂಜಿ ಕಡಿಮೆ ಮಾಡದೆ ನೀನೇ ಮೊದಲು ಹೇಳಬೇಕು ಎಂದೆ ನಾನು. ನಿನಗೆ ನಂಬಿಕೆ ಬರಲಿಲ್ಲ. "ಯಾಕ್ಸಾ? ಅವರ ಕೆಲ್ಸ ನಾವ್ಯಾಕೆ ಮಾಡ್ಕೊಡ್ಬೇಕು?" ಎಂದೆ. ನಾನು ಎದೆಯುಬ್ಬಿಸಿ ಘೋಷಿಸಿದೆ: "ಎದುರಾಳಿಯ ಮಾತನ್ನು ನ್ಯಾಯವಾಗಿ ಹೇಳಿದವಳ ಖಂಡನೆಗೇ, ಆ ಮಾತನ್ನು ಮುರಿಯುವ ಉತ್ತರಕ್ಕೇ ಬೆಲೆ! ಪೂರ್ವಪಕ್ಷ ಮುಗಿಸಿದ ಮೇಲೆ ಒಂದು ಉಸಿರು ನಿಲ್ಲಿಸು. ಸಭೆ ಅದನ್ನು ನುಂಗಲಿ. ಆಮೇಲೆ ಹೊಡೆ!" ನೀನು ಬರೆದುಕೊಂಡೆ. ಅಯ್ಯೋ, ಚಾಚೂ ತಪ್ಪದೆ ಬರೆದುಕೊಂಡೆ.

ಆಮೇಲೆ ಆ ಶನಿವಾರ ಬಂತು.

"ಹೆಣ್ಣುಮಕ್ಕಳಿಗೆ ಹೈಸ್ಕೂಲಿನ ಓದು ತಕ್ಕದ್ದೇ?" ಎಂಬ ಚರ್ಚೆ. ಪರವಾಗಿ ನೀನು. ವಿರೋಧವಾಗಿ ತರೀಕೆರೆಯ ವಕೀಲರೊಬ್ಬರು ಬರಬೇಕಿತ್ತು. ಬೀರೂರಿಗೆ ಬಂದ ರೈಲಿನಿಂದ ಅವರು ಇಳಿಯಲಿಲ್ಲ. ಸಭೆ ಸೇರಿಬಿಟ್ಟಿತ್ತು. ಸಮಿತಿಯ ಅಧ್ಯಕ್ಷ, ಕೊಬ್ಬರಿ ಮಂಡಿಯ ಬೆನಕಪ್ಪನವರು ಮುಂದಿನ ಕುರ್ಚಿಯಲ್ಲಿ ಕೂತು ನಶ್ಯ ಏರಿಸುತ್ತಿದ್ದರು. ಕಂಬದ ಪಕ್ಕದಲ್ಲಿ ನಿಮ್ಮಪ್ಪ, ಹೆಗಲ ಮೇಲೆ ಕಂಬಳಿ. ಮಗಳು ಸಭೆಯಲ್ಲಿ ಮಾತಾಡುತ್ತಾಳೆಂದು ಕೇಳಿ ಯಗಟಿಯಿಂದ ಬಂದಿದ್ದರು. ಹೆಡ್‌ಮಾಸ್ತರು ನನ್ನ ಕಿವಿಯಲ್ಲಿ ಹೇಳಿದರು, "ಶಾಮಣ್ಣ, ಆ ಕಡೆಗೆ ನೀವೇ ನಿಂತ್ಬಿಡಿ. ಎದುರಾಳಿ ಇಲ್ದೆ ಚರ್ಚೆ ಕಳೆಗಟ್ಟಲ್ಲ. ಸುಮ್ನೆ ನಾಲ್ಕು ಮಾತು." ಸುಮ್ಮನೆ ನಾಲ್ಕು ಮಾತು! ಅವರಿಗೆ ಗೊತ್ತಿರಲಿಲ್ಲ. ನನ್ನ ಕಿವಿಗೆ ಅದು ಹಾಗೆ ಕೇಳಲಿಲ್ಲ. ಖಳನಿಗೆ ಜ್ವರ, ಬದಲಿ ಪಾತ್ರ, ಬಣ್ಣ ಹಚ್ಚು ಎಂದು ಕೇಳಿಸಿತು.

ನೀನು ಎದ್ದು ನಿಂತೆ. ಮೇಜಿನ ಅಂಚು ಹಿಡಿದ ನಿನ್ನ ಬೆರಳು ಬಿಳಿಚಿದ್ದವು, ದನಿ ಮಾತ್ರ ನೆಟ್ಟಗಿತ್ತು. ಹೆಣ್ಣುಮಕ್ಕಳು ಹೈಸ್ಕೂಲು ಓದಲೇಬೇಕು ಎಂದು ಪ್ರತಿಜ್ಞೆ ಮಾಡಿದೆ. ಅಕ್ಷರ ಬಂದರೆ ಸಾಲದು, ಓದಿದ್ದು ಅರ್ಥವಾಗಬೇಕು ಎಂದು ಹೇತು ಕೊಟ್ಟೆ. ಆಮೇಲೆ ದೃಷ್ಟಾಂತ. ನಿಮ್ಮೂರ ಗಂಡಸರೆಲ್ಲ ಕುರಿ ಹೊಡೆದುಕೊಂಡು ದೂರದ ಹುಲ್ಲುಗಾವಲಿಗೆ ಹೋಗಿದ್ದ ದಿನಗಳಲ್ಲಿ ಯಾರೋ ಬಂದು ಚಾವಡಿಯ ಗೋಡೆಗೆ ಅಚ್ಚಿನ ಕಾಗದವೊಂದನ್ನು ಅಂಟಿಸಿ ಹೋದರು. ಸ್ಕೂಲಿಗೂ ರಜೆ, ಊರಲ್ಲಿ ಉಳಿದವರಲ್ಲಿ ಅಕ್ಷರ ಬರುತ್ತಿದ್ದದ್ದು ನಿನಗೊಬ್ಬಳಿಗೇ. ಹೆಂಗಸರೆಲ್ಲ ಸುತ್ತ ನಿಂತರು, ನೀನು ಗಟ್ಟಿಯಾಗಿ ಓದಿದೆ. "ಏನಂತೆ ಮಗಾ?" ಎಂದು ಕೇಳಿದರು. "ಗೊತ್ತಿಲ್ಲ" ಎಂದೆ. ಕಚೇರಿಯ ಆ ಉದ್ದುದ್ದ ಮಾತುಗಳಲ್ಲಿ ಒಂದೂ ನಿನಗೆ ತಿಳಿದಿರಲಿಲ್ಲ. ಮಾರನೆಯ ದಿನ ಆ ಕಾಗದದ ಮೇಲೆ ಬೆರಣಿ ತಟ್ಟಿದರು. ಕುರಿಗಳ ಬೇನೆಗೆ ಮದ್ದು ಚುಚ್ಚುವ ಡಾಕ್ಟರು ಯಾವಾಗ, ಎಲ್ಲಿಗೆ ಬರುತ್ತಾರೆಂದು ಅದರಲ್ಲಿತ್ತೆಂದು ತಿಳಿದದ್ದು ಆಮೇಲೆ. ಡಾಕ್ಟರು ಬಂದು ಕಾದು ಹೋದರು. ದೊಡ್ಡಿಯಲ್ಲಿ ಉಳಿದಿದ್ದ ಮರಿಗಳೆಲ್ಲ ಸತ್ತವು. "ಆ ಕಾಗದವನ್ನು ಓದಿದವಳು ನಾನೇ" ಎಂದೆ. ಬೆರಣಿಯ ಮಾತಿಗೆ ನಕ್ಕಿದ್ದ ಸಭೆ ಇದಕ್ಕೆ ತಣ್ಣಗಾಯಿತು. ಬೆನಕಪ್ಪನವರ ನಶ್ಯದ ಕೈ ಮೂಗಿನ ಹತ್ತಿರವೇ ನಿಂತಿತು. ಅಂಜಿನೀ, ನಾನು ಅಂಥ ದೃಷ್ಟಾಂತವನ್ನು ಹುಟ್ಟಿದಂದಿನಿಂದ ಕೇಳಿರಲಿಲ್ಲ!

ಆಮೇಲೆ ನೀನು ಪೂರ್ವಪಕ್ಷಕ್ಕೆ ಬಂದೆ. "ವಿರೋಧವಾಗಿ ಮಾತಾಡುವವರು ಹೀಗೆ ಹೇಳಬಹುದು. ಹುಡುಗಿಯನ್ನು ದೂರದ ಊರಲ್ಲಿ ಬಿಟ್ಟರೆ ತಾಯಿಗೆ ಕೈನೆರವು ತಪ್ಪುತ್ತದೆ. ಜನ ಒಂದಕ್ಕೆರಡು ಮಾತಾಡುತ್ತಾರೆ. ತಂದೆಗೆ ಮನಸ್ಸಿನಲ್ಲಿ ನೆಮ್ಮದಿ ಇರುವುದಿಲ್ಲ. ಇದು ಸುಳ್ಳಲ್ಲ. ನಮ್ಮಪ್ಪನಿಗೂ ಹೀಗೆ ಆಗುತ್ತದೆ, ನಾನು ನೋಡಿದ್ದೇನೆ." ಇಷ್ಟು ಹೇಳಿ, ನಾನು ಕಲಿಸಿದ ಹಾಗೆ, ಒಂದು ಉಸಿರು ನಿಲ್ಲಿಸಿದೆ.

ಆ ಉಸಿರಿನಲ್ಲಿ ನಾನು ಎದ್ದೆ.

ಎದುರು ಪಾತ್ರಧಾರಿ ಉಸಿರೆಳೆಯುವ ಸಂದಿನಲ್ಲಿ ನುಗ್ಗುವುದು ಕಂಪನಿಯ ಖಳರ ಹಳೆಯ ವರಸೆ. ಕಲಿತ ಕಾಲು ತಾನಾಗಿಯೇ ಮುಂದೆ ಬಂತು. "ಕೇಳಿದಿರಾ ಮಹಾಜನರೇ!" ಎಂದು ಅಬ್ಬರಿಸಿದೆ. ಛತ್ರದ ಪಾರಿವಾಳಗಳು ಹಾರಿಹೋದವು. "ನಾನು ಹೇಳಬೇಕಾದ್ದೇನಿದೆ? ಈ ಮಗುವೇ ಒಪ್ಪಿಕೊಂಡಿತಲ್ಲ! ತಂದೆಗೆ ನೆಮ್ಮದಿಯಿಲ್ಲ, ಊರ ಬಾಯಿಗೆ ಬೀಳುತ್ತೇನೆ ಎಂದು ತನ್ನ ಬಾಯಿಂದಲೇ ಒಪ್ಪಿಕೊಂಡಿತಲ್ಲ!" ಹಿಂದಿನ ಸಾಲಿನಿಂದ ಯಾರೋ, "ಹೌದಪ್ಪ, ಅವ್ಳೇ ಒಪ್ಕಂಡ್ಲು!" ಎಂದರು. ಪೂರ್ವಪಕ್ಷವೆಂದರೇನೆಂದು ಆ ಸಭೆಗೆ ಗೊತ್ತಿರಲಿಲ್ಲ. ಗೊತ್ತಿದ್ದವನು ನಾನೊಬ್ಬ. ಎದುರಾಳಿಗೆ ನ್ಯಾಯ ಮಾಡು ಎಂದು ನಾನೇ ನಿನ್ನ ಕೈಗೆ ಕೊಟ್ಟ ದೀಪವನ್ನು ಕಸಿದು ನಿನ್ನ ಸೆರಗಿಗೇ ಹಚ್ಚಿದೆ.

ಅಲ್ಲಿಗೆ ನಿಲ್ಲಿಸಿದೆನೇ? ನನ್ನ ಬಳಿ ಹೇತು ಇರಲಿಲ್ಲ, ದೃಷ್ಟಾಂತವಿರಲಿಲ್ಲ. ಆದ್ದರಿಂದ ಒಂದು ಕಥೆ ಕಟ್ಟಿದೆ. ತರೀಕೆರೆಯಲ್ಲಿ ತುಂಗಮ್ಮನೆಂಬ ಹುಡುಗಿಯಂತೆ, ಓದುವ ಆಸೆಯಿಂದ ನೆಂಟರ ಮನೆ ಸೇರಿದಳಂತೆ, ಊರವರು ಆಡಿಕೊಂಡರಂತೆ, ಕೊನೆಗೊಂದು ಮುಂಜಾನೆ ಬಾವಿಯಲ್ಲಿ ಅವಳ ಜಡೆ ತೇಲಿತಂತೆ. ಅಂಥ ಹುಡುಗಿ ಇರಲಿಲ್ಲ, ಅಂಥ ಬಾವಿ ಇರಲಿಲ್ಲ. ಕಣ್ಣು ಮಿಟುಕಿಸದೆ ಕಿಟಕಿಯ ಬೆಳಕನ್ನು ನೋಡಿದರೆ ನೀರು ಬರುತ್ತದೆಂಬುದು ನನಗೆ ಗೊತ್ತಿತ್ತು. ಬಂತು. ಸಭೆ ಗೊಳೋ ಎಂದಿತು. ನಿಮ್ಮ ಸೋದರತ್ತೆ ಪಾಪಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. ಹಿಂದಿನಿಂದ ಪೋಕರಿಯೊಬ್ಬ, ನಾಟಕ ನೋಡಿದ ಅಭ್ಯಾಸದಿಂದ, "ವನ್ಸ್ ಮೋರ್!" ಎಂದು ಕೂಗಿಬಿಟ್ಟ. ಇದನ್ನೂ ಬರೆಯಲೇಬೇಕು, ಅಂಜಿನೀ. ಸತ್ತ ರಾಜ ಎದ್ದು ಪದ ಹೇಳಿ ಮತ್ತೆ ಸಾಯುವ ರಂಗದಲ್ಲಿ ಬೆಳೆದವನು ನಾನು. ವನ್ಸ್ ಮೋರ್ ಎಂದರೆ ಇಲ್ಲವೆನ್ನುವುದು ನನಗೆ ಗೊತ್ತೇ ಇಲ್ಲ. ಆ ಬಾವಿಯ ದೃಶ್ಯವನ್ನು ಮತ್ತೊಮ್ಮೆ ಆಡಿದೆ. ಇಲ್ಲದ ತುಂಗಮ್ಮನನ್ನು ಎರಡನೆಯ ಸಲ ಮುಳುಗಿಸಿದೆ. ಇದ್ದ ನೀನು ಅಲ್ಲೇ, ಮೇಜಿನ ಆ ಕಡೆ, ತೆರೆದ ಬಾಯಿ ತೆರೆದಂತೆಯೇ ನಿಂತಿದ್ದೆ.

ಬೆನಕಪ್ಪನವರು ನಿನ್ನ ಕಡೆ ತಿರುಗಿ, "ಏನಮ್ಮಾ, ಇನ್ನೇನಾದ್ರೂ ಹೇಳ್ತೀಯಾ?" ಎಂದರು. ನೀನು ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದೆ. ಸಿಟ್ಟಿನ ನೋಟವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಲೆಕ್ಕದಲ್ಲಿ ಎಲ್ಲಿ ತಪ್ಪಿದೆ ಎಂದು ಮೇಷ್ಟ್ರ ಮುಖ ನೋಡುವ ಮಗುವಿನ ನೋಟ ಅದು. "ಏನೂ ಇಲ್ಲ" ಎಂದು ಕೂತೆ. ನಿನ್ನ ಖಂಡನೆ ಏನಿತ್ತೆಂಬುದು ಇವತ್ತಿಗೂ ನನಗೆ ತಿಳಿಯದು. ನನಗೂ ತೋರಿಸದೆ ಆ ದಿನಕ್ಕೆಂದೇ ಬಚ್ಚಿಟ್ಟುಕೊಂಡಿದ್ದೆ. ಯಾರೂ ಕೇಳಲಿಲ್ಲ.

ಆಮೇಲೆ ಬೆನಕಪ್ಪನವರು ದೊಡ್ಡತನದಿಂದ, "ನಾವ್ಯಾರು ತೀರ್ಮಾನ ಹೇಳಾಕೆ? ಹುಡುಗಿ ತಂದೆ ಇಲ್ಲೇ ಅವ್ರೆ, ಅವರೇ ಹೇಳ್ಲಿ" ಎಂದರು. ನಿಮ್ಮಪ್ಪ ಎದ್ದರು. ಕಂಬಳಿಯನ್ನು ಆ ಹೆಗಲಿಂದ ಈ ಹೆಗಲಿಗೆ ಹಾಕಿಕೊಂಡರು. "ಮೇಷ್ಟ್ರ ಮಾತು ಕೇಳಿ ಮಗ್ಳ ತಂದು ಬಿಟ್ಟೆ. ಈಗ ಮೇಷ್ಟ್ರೇ ಬ್ಯಾಡ ಅಂತಾವ್ರೆ. ಅವ್ರಿಗಿಂತ ತಿಳಿದೋನಾ ನಾನು? ನಾಳೆ ಕರ್ಕಂಡೋಗ್ತೀನಿ" ಎಂದರು. ಚಪ್ಪಾಳೆ ಬಿತ್ತು. ನನಗೆ ಬಿದ್ದ ಚಪ್ಪಾಳೆಗಳಲ್ಲೆಲ್ಲ ಅತಿ ದೊಡ್ಡದು! ಆಗ ನಾನು ಎದ್ದು, "ನಿಲ್ಲಿ, ಇದು ಪಾತ್ರ, ನನ್ನ ಮನಸ್ಸಲ್ಲ" ಎನ್ನಬಹುದಾಗಿತ್ತು. ಎನ್ನಲಿಲ್ಲ. ಯಾಕೆ ಗೊತ್ತೇ? ಚಪ್ಪಾಳೆ ನಿಲ್ಲಲೆಂದು ಕಾಯುತ್ತಿದ್ದೆ. ಅದು ನಿಲ್ಲುವಷ್ಟರಲ್ಲಿ ನೀನು ಮೆಟ್ಟಿಲಿಳಿದು ಹೋಗಿದ್ದೆ.

ಮಾರನೆಯ ದಿನ ನಿಮ್ಮ ಗಾಡಿ ಆಗಲೇ ಊರು ಬಿಟ್ಟಿತ್ತು. ಅಂದೇ ಬೆನಕಪ್ಪನವರ ಮಂಡಿಗೆ ಹೋಗಿ ನಿಜ ಹೇಳಿದೆ. "ಆ ತುಂಗಮ್ಮನ ಕಥೆ ಸುಳ್ಳು ಸ್ವಾಮಿ. ನಾನೇ ಕಟ್ಟಿದ್ದು" ಎಂದೆ. ಅವರು ಕೊಬ್ಬರಿ ಒಡೆದು ನನ್ನ ಕೈಗೊಂದು ಹೋಳಿಟ್ಟರು. "ಏನ್ ಮೇಷ್ಟ್ರೇ ನೀವು, ಅದೇನು ವಿನಯ! ಸುಳ್ಳೆಲ್ಲಿ ಬಂತು? ಆ ಹುಡ್ಗಿ ಮಾವ ನಮ್ಮ ಅಂಗಡಿಗೆ ಬತ್ತಾನೆ. ಪಾಪ, ಒಳ್ಳೆ ಮನುಷ್ಯ" ಎಂದರು. ಇಲ್ಲದ ಹುಡುಗಿಗೆ ಮಾವ ಹುಟ್ಟಿಬಿಟ್ಟಿದ್ದ! ಹೋದ ವಾರ ಅಜ್ಜಂಪುರದಿಂದ ಬಂದ ಬಳೆಗಾರ ನನಗೇ ಆ ಕಥೆ ಹೇಳಿದ. ಅವನ ಕಥೆಯಲ್ಲಿ ಬಾವಿಗೆ ಮೆಟ್ಟಿಲುಗಳಿದ್ದವು, ಹುಡುಗಿಯ ಕೈಯಲ್ಲಿ ಪುಸ್ತಕವಿತ್ತು. "ಅದು ನಾನು ಹುಟ್ಟಿಸಿದ ಸುಳ್ಳಪ್ಪಾ" ಎಂದರೆ, "ನಿಮ್ಗೆಲ್ಲಿ ಗೊತ್ತಾಯ್ತದೆ ಬುಡಿ ಸ್ವಾಮಿ, ನಾನು ಆ ಕಡೆ ತಿರುಗಾಡೋನು" ಎಂದು ಗದರಿದ. ಅಂತರಘಟ್ಟೆಯ ಕಡೆಯವರೊಬ್ಬರು ಆ ಕಥೆ ಕೇಳಿ ತಮ್ಮ ಮಗಳನ್ನು ಪ್ರೈಮರಿಯಿಂದಲೇ ಬಿಡಿಸಿದರಂತೆ. ನಾನು ಆ ಮಗುವಿನ ಮುಖ ಕಂಡಿಲ್ಲ, ಹೆಸರು ತಿಳಿಯದು. ಆ ಊರಿಗೂ ಹೋಗಿ ಬರುತ್ತೇನೆ. ಅಲ್ಲಿ ನನ್ನನ್ನು ನಂಬುವರೆಂಬ ಭರವಸೆಯಿಲ್ಲ.

ಯಾರೂ ನಂಬದಿದ್ದರೂ ನಿಮ್ಮಪ್ಪ ನಂಬುತ್ತಾರೆಂದು ಯಗಟಿಗೆ ಬಂದೆ. ಜಗಲಿಯ ಮೇಲೆ ಕೂತು ಎಲ್ಲ ಹೇಳಿದೆ. ವಕೀಲರು ಬಾರದ್ದು, ನಾನು ಬದಲಿಗೆ ನಿಂತದ್ದು, ಕಥೆ ಕಟ್ಟಿದ್ದು, ನಿನ್ನ ಉಸಿರು ಕದ್ದದ್ದು. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ. ಕರಿಸಿದ್ದಪ್ಪನವರು ಕಂಬಳಿಯ ನೂಲು ಕೀಳುತ್ತ ಕೇಳಿದರು. ಕೊನೆಗೆ, "ಹಂಗಾರೆ ಅವತ್ತು ಸಭೇಲಿ ಅತ್ರಲ್ಲ, ಅದು?" ಎಂದರು.

"ನಟನೆ" ಎಂದೆ.

"ಇವತ್ತು ಅಳ್ತಿರೋದು?"

ಅವರ ದನಿಯಲ್ಲಿ ಕುಹಕವಿರಲಿಲ್ಲ. ನಿಜವಾಗಿ ತಿಳಿಯಬೇಕೆಂದೇ ಕೇಳಿದರು. ನಾನು ಬಾಯಿ ತೆರೆದೆ. ಯಾವ ಸ್ವರದಲ್ಲಿ ಉತ್ತರಿಸಿದರೂ ಆ ಸ್ವರವನ್ನು ನಾನು ಹಿಂದೆ ಎಲ್ಲೋ ರಂಗದ ಮೇಲೆ ಬಳಸಿದ್ದೆ. ಗದ್ಗದವಾಗಿ "ಇದು ನಿಜ" ಎನ್ನುವುದನ್ನು ಬಳಸಿದ್ದೆ. ಮೆಲ್ಲಗೆ ಎನ್ನುವುದನ್ನೂ ಬಳಸಿದ್ದೆ. ಸುಮ್ಮನೆ ಕೂತೆ. ಸುಮ್ಮನೆ ಕೂರುವುದನ್ನೂ ಬಳಸಿದ್ದೆನಲ್ಲ ಎಂದು ಹೊಳೆಯಿತು. "ಮಜ್ಜಿಗೆ ಕುಡೀರಿ ಮೇಷ್ಟ್ರೇ, ದೂರದಿಂದ ಬಂದೀರಿ" ಎಂದರು ನಿಮ್ಮಪ್ಪ. ಹೊರಡುವಾಗ ಗಾಡಿಯವರೆಗೆ ಬಂದರು. "ನಿಮ್ಮ ಮಾತು ಇನ್ನು ನಂಗೆ ಆ ಕಡೆಗೂ ಬ್ಯಾಡ, ಈ ಕಡೆಗೂ ಬ್ಯಾಡ. ಅವ್ಳು ಏನಾರ ಹೇಳಿದ್ರೆ ಕೇಳ್ತೀನಿ. ಅವತ್ತಿಂದ ಬಾಯೇ ಬಿಟ್ಟಿಲ್ಲ. ಉಣ್ತಾಳೆ, ಬೀಸ್ತಾಳೆ, ಮಲಗ್ತಾಳೆ" ಎಂದರು.

ನ್ಯಾಯಶಾಸ್ತ್ರದಲ್ಲಿ ಆಪ್ತವಾಕ್ಯ ಎಂದೊಂದಿದೆ. ನಾನು ನಿಮಗೆ ಕಲಿಸದೆ ಹಾರಿಸಿಬಿಟ್ಟ ಪದ ಅದು. ಸುಳ್ಳು ಹೇಳುವವನಲ್ಲ ಎಂದು ನಂಬಿದವನ ಮಾತೇ ಒಂದು ಪ್ರಮಾಣ, ಅದಕ್ಕೆ ಬೇರೆ ಸಾಕ್ಷಿ ಬೇಡ ಎಂದು ಅರ್ಥ. ಓದು ಬಾರದ ನಿಮ್ಮಪ್ಪನಿಗೆ ನನ್ನ ಮಾತು ಆಪ್ತವಾಕ್ಯವಾಗಿತ್ತು. ಅದನ್ನು ನಂಬಿ ನಿನ್ನನ್ನು ತಂದು ಬಿಟ್ಟರು, ಅದನ್ನೇ ನಂಬಿ ಬಿಡಿಸಿಕೊಂಡು ಹೋದರು. ನಾನು ಅದನ್ನು ಒಂದು ಮಧ್ಯಾಹ್ನದ ಚಪ್ಪಾಳೆಗೆ ಖರ್ಚು ಮಾಡಿದೆ. ಇನ್ನು ನಾನು ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆಂದರೂ ಅವರು ಒಮ್ಮೆ ತಿರುಗಿ ನೋಡುತ್ತಾರೆ. ನೋಡಬೇಕಾದದ್ದೇ.

ನೀನು ಮನಸ್ಸಿನಲ್ಲಿ ನನ್ನ ಮೇಲೆ ಹೊರಿಸಿರುವ ಆರೋಪವನ್ನು ಒಂದು ಗುಲಗಂಜಿ ಕಡಿಮೆ ಮಾಡದೆ ನಾನೇ ಹೇಳಿಬಿಡುತ್ತೇನೆ. ವಾದವೆಂದರೆ ನ್ಯಾಯವೆಂದು ಈ ಮನುಷ್ಯ ನನಗೆ ಕಲಿಸಿದ. ನ್ಯಾಯವಾಗಿ ಆಡಿದ್ದಕ್ಕೇ ನಾನು ಸೋತೆ, ಸೋಲಿಸಿದವನು ಅವನೇ. ಹಾಗಾದರೆ ಅವನು ಕಲಿಸಿದ್ದೆಲ್ಲ ಸುಳ್ಳು, ದೊಡ್ಡ ಗಂಟಲೊಂದೇ ನಿಜ. ಬಾಯಿ ಬಿಡುವುದರಿಂದ ಏನೂ ಆಗುವುದಿಲ್ಲ, ರಾಗಿ ಬೀಸುವುದರಿಂದ ಹಿಟ್ಟಾದರೂ ಆಗುತ್ತದೆ. ಹೀಗಲ್ಲವೇ? ನನ್ನ ಮಟ್ಟಿಗೆ ಇದಕ್ಕೆ ನನ್ನಲ್ಲಿ ಖಂಡನೆಯಿಲ್ಲ. ನನ್ನನ್ನು ಕ್ಷಮಿಸೆಂದು ಕೇಳುವುದೂ ಇಲ್ಲ. ಕೇಳಿದರೆ ಅದೂ ಒಂದು ದೃಶ್ಯವಾಗುತ್ತದೆ. ಮೇಷ್ಟ್ರುಗಿರಿ ಬಿಟ್ಟು ಊರೇ ಬಿಟ್ಟು ಹೋಗಲೇ ಎಂದು ಯೋಚಿಸಿದೆ. ರಂಗದಿಂದ ನಿರ್ಗಮಿಸುವವನಿಗೂ ಚಪ್ಪಾಳೆ ಸಿಗುತ್ತದೆಂದು ನೆನಪಾಗಿ ಇಲ್ಲೇ ಉಳಿದೆ. ಬೀದಿಯಲ್ಲಿ ಜನ ನನ್ನ ಭಾಷಣವನ್ನು ಹೊಗಳುತ್ತಾರೆ, ನಾನು ಸುಳ್ಳೆನ್ನುತ್ತೇನೆ, ಅವರು ನಗುತ್ತಾರೆ. ದಿನವೂ ಇದು ನಡೆಯುತ್ತದೆ. ನಡೆಯಲಿ.

ನನ್ನ ಮಾತು ಕೆಟ್ಟುಹೋಯಿತು. ನಿನ್ನ ಮಾತು ಕೆಟ್ಟಿಲ್ಲ ಕಣಮ್ಮಾ. ಅದು ಸೋತೂ ಇಲ್ಲ. ಪೂರ್ತಿ ಕೇಳದ ಸಭೆಯಲ್ಲಿ ಯಾರೂ ಸೋಲುವುದಿಲ್ಲ. ಆ ಬೆರಣಿ ತಟ್ಟಿದ ಕಾಗದದ ಸುದ್ದಿಗೆ ಕಡೂರಿನಲ್ಲಿ ಇವತ್ತಿನವರೆಗೆ ಯಾರೂ ಉತ್ತರ ಕೊಟ್ಟಿಲ್ಲ, ನಾನೂ ಕೊಡಲಿಲ್ಲ. ಉತ್ತರವಿಲ್ಲದ್ದಕ್ಕೇ ಕೂಗಿದೆ.

ಹೆಡ್‌ಮಾಸ್ತರು ಹಾಜರಿಯಿಂದ ನಿನ್ನ ಹೆಸರನ್ನು ತೆಗೆದಿಲ್ಲ. ಸಂಕ್ರಾಂತಿಯವರೆಗೆ ಕಾಯುತ್ತೇನೆಂದು ಮಾತು ಕೊಟ್ಟಿದ್ದಾರೆ. ಅವರ ಮಾತನ್ನು ನಂಬಬಹುದು, ಅವರು ನಾಟಕದವರಲ್ಲ. ನನ್ನ ದನಿ ಕೇಳುವುದು ಬೇಡವೆಂದರೆ ನಿನ್ನ ತರಗತಿಗೆ ಕನ್ನಡ ಪಾಠ ಮಾಡಲು ಬೇರೆಯವರನ್ನು ಹಾಕುತ್ತಾರೆ, ಅದಕ್ಕೂ ಒಪ್ಪಿಸಿದ್ದೇನೆ. ಪಾಪಮ್ಮನವರು ದಿನವೂ ಶಾಲೆಯ ಬಾಗಿಲಿಗೆ ಬಂದು, "ಏನ್ರೀ ಮೇಷ್ಟ್ರೇ, ನನ್ ಕಣ್ಣಲ್ಲಿ ನೀರು ಹಾಕ್ಸಿ ನನ್ ಮಗೀನೇ ಕಳಿಸ್ಬಿಟ್ರಲ್ರೀ" ಎಂದು ಬೈದು ಹೋಗುತ್ತಾರೆ. ನೀನು ಮಲಗುತ್ತಿದ್ದ ಚಾಪೆಯನ್ನು ಅವರು ಎತ್ತಿಲ್ಲವಂತೆ.

ಈ ಕಾಗದವನ್ನು ಅವರ ಕೈಯಲ್ಲೇ ಕಳಿಸುತ್ತಿದ್ದೇನೆ. ನಿನ್ನಲ್ಲಿ ಒಂದು ಬೇಡಿಕೆ. ಇದನ್ನು ನಿಮ್ಮಪ್ಪನ ಮುಂದೆ ಕೂತು ನಿನ್ನ ದನಿಯಲ್ಲಿ ಓದು. ಎಲ್ಲಾದರೂ ನಾನು ನಟಿಸಿದ್ದೇನೆ ಎನ್ನಿಸಿದರೆ ಆ ಸಾಲನ್ನು ಬಿಟ್ಟುಬಿಡು. ನಿನಗೆ ಗೊತ್ತಾಗುತ್ತದೆ, ನನಗೆ ಗೊತ್ತಾಗುವುದಿಲ್ಲ. ಓದಿ ಮುಗಿದ ಮೇಲೆ ಇದನ್ನು ಒಲೆಗೆ ಹಾಕು, ಚಿಂತೆಯಿಲ್ಲ. ಆಮೇಲೆ ಎದ್ದು ನಿಲ್ಲು. ಆ ಶನಿವಾರ ನಿನ್ನ ನಾಲಗೆಯ ತುದಿಗೆ ಬಂದು ಉಳಿದುಹೋದ ಖಂಡನೆಯನ್ನು ಅಪ್ಪನಿಗೆ ಹೇಳು. ಸಭೆ ಎಂದರೆ ಅವರೊಬ್ಬರೇ. ಪೂರ್ತಿ ಕೇಳಿ ಒಪ್ಪದಿದ್ದರೆ ಒಪ್ಪದಿರಲಿ, ಅದು ಅವರ ನ್ಯಾಯ. ಕೇಳದೆ ತೀರ್ಪಾಗುವುದು ಬೇಡ. ಅದರಲ್ಲಿ ಏನಿದೆಯೆಂದು ತಿಳಿಯುವ ಆಸೆ ನನಗೂ ಇದೆ, ಹಕ್ಕಿಲ್ಲ. ನನಗೆ ಬರೆದು ತಿಳಿಸಬೇಡ.

ನಿನ್ನ ಕಣ್ಣು ತಂಪಾಗಿರಲಿ, ದನಿ ನೆಟ್ಟಗಿರಲಿ. ನೀನು ಮಾತಿನ ನಡುವೆ ಉಸಿರೆಳೆದುಕೊಳ್ಳುವಾಗ ಯಾರೂ ಎದ್ದು ನಿಲ್ಲದಿರಲಿ.

ಇತಿ,
ನಾಚಿಕೆಯಿಂದ,
ಶಾಮಣ್ಣ